ಈಡು ಎಲ್ಲಿ ಬಿತ್ತು?
ದೂರದ ಕಬ್ಬಿಣದ ಗುರಿ ಕಲಿಸುವ ಪಾಠ



ತೋಟದ ಮನೆಗಳಲ್ಲಿ ಕೋವಿಯ ಸುದ್ದಿ ಬಂದರೆ ಮಾತು ಸಾಮಾನ್ಯವಾಗಿ ಎರಡೇ ದಾರಿಯಲ್ಲಿ ಸಾಗುತ್ತದೆ. ಒಂದು, ಲೈಸೆನ್ಸು ನವೀಕರಣದ ಓಡಾಟ ಮತ್ತು ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿಡುವ ತೊಂದರೆ. ಎರಡು, ಯಾರು ಯಾವ ಕಾಲದಲ್ಲಿ ಎಷ್ಟು ದೂರದ ಹಂದಿಗೆ ಹೊಡೆದರೆಂಬ ಬಡಾಯಿ. ಹೊಡೆದ ಈಡು ಕೊನೆಗೆ ಎಲ್ಲಿ ಹೋಗಿ ಬಿತ್ತು ಎಂಬ ಮೂರನೆಯ ಮಾತನ್ನು ಎತ್ತುವವರು ಕಡಿಮೆ. ಈ ಪಾಠ ಆ ಮೂರನೆಯ ಮಾತಿಗೆ ಸಂಬಂಧಿಸಿದ್ದು.

ನಾನು ಬೆಳಂಬಾರದ ಕಡೆಯವನು. ನಮ್ಮದು ಗದ್ದೆ, ಹಕ್ಕಲು, ತೆಂಗು. ಅಡಿಕೆ ತೋಟವಿರುವುದು ಗಂಗಾವಳಿಯ ಮೇಲ್ಗಡೆಯ ನೆಂಟರಿಗೆ. ಒಂದು ವರ್ಷ ಅವರ ಮನೆಯಲ್ಲಿ ಉಳಿದಿದ್ದಾಗ ರಾತ್ರಿ ಬಾಳೆಯ ಬುಡದಲ್ಲಿ ಹಂದಿಯ ಸದ್ದಾಯಿತು. ಭಾವ ಕೇಪಿನ ಕೋವಿ ಹಿಡಿದರು, ನಾನು ಬ್ಯಾಟರಿ ಹಿಡಿದೆ. ಹೆದರಿಸಲು ಬರೀ ಮದ್ದಿನ ಸದ್ದು ಸಾಕಿತ್ತು. ಆದರೆ ಕೋವಿಯಲ್ಲಿ ಗುಂಡು ತುಂಬಿಯೇ ಇತ್ತು. ಒಂದು ಈಡು ಹಾರಿತು. ಹೊಗೆ ಕವಿಯಿತು. ಹಂದಿ ಓಡಿದ ಸದ್ದು ಕೇಳಿತು.

“ತಾಗಿತೇ ಭಾವ?” ಎಂದೆ.

“ತಾಗಿದ ಹಾಗೆ ಕಂಡಿತು ಮಾರಾಯ” ಎಂದರು.

ಬೆಳಿಗ್ಗೆ ಹೋಗಿ ನೋಡಿದೆವು. ರಕ್ತದ ಹನಿಯೂ ಇರಲಿಲ್ಲ. ಗುಂಡು ಒಂದು ಬಾಳೆಯ ದಿಂಡನ್ನು ತೂರಿ, ಅದರಾಚೆಯ ಅಡಿಕೆ ಮರದ ಮೈಯನ್ನು ಒಂದು ಪಕ್ಕದಿಂದ ಕೆತ್ತಿಕೊಂಡು ಮುಂದೆ ಹೋಗಿತ್ತು. ಕೆತ್ತಿದ ಜಾಗ ನನ್ನ ಎದೆಯ ಎತ್ತರಕ್ಕಿತ್ತು. ಆ ಮರದಿಂದ ಹತ್ತು ಮಾರು ಆಚೆಗೆ ಕೆಲಸದವರು ನಸುಕಿನಲ್ಲಿ ಬರುವ ಕಾಲುದಾರಿ. ನಾವು ನೋಡುತ್ತ ನಿಂತಿದ್ದಾಗಲೇ ಅದೇ ದಾರಿಯಲ್ಲಿ ಒಬ್ಬ ಹೆಂಗಸು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. ಭಾವ ಏನೂ ಮಾತಾಡಲಿಲ್ಲ. ಆ ದಿನ ಅವರು ಊಟಕ್ಕೂ ಸರಿಯಾಗಿ ಕೂರಲಿಲ್ಲ.

“ತಾಗಿದ ಹಾಗೆ ಕಂಡಿತು” ಎಂಬ ಮಾತು ಎಷ್ಟು ಪೊಳ್ಳು ಎಂಬುದು ಅಂದು ತಿಳಿಯಿತು. ಈಡು ಬಿದ್ದ ಜಾಗವನ್ನು ಕಾಣುವುದು ಅದೃಷ್ಟದ ವಿಷಯವಲ್ಲ, ಕಲಿಯಬೇಕಾದ ವಿದ್ಯೆ. ಇದನ್ನು ಅತ್ಯಂತ ಕಟ್ಟುನಿಟ್ಟಾಗಿ ಬೆಳೆಸಿದವರು ದೂರದ ಕಬ್ಬಿಣದ ಹಲಗೆಗೆ ಗುರಿಯಿಡುವ ಗುರಿಕಾರರು. ಅವರ ರೈಫಲ್ ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾಗಿಲ್ಲ. ಅವರ ಕಣ್ಣು ಮಾತ್ರ ಎಲ್ಲರಿಗೂ ಬೇಕು.

1. ಗುರಿಯೇ ಉತ್ತರ ಕೊಡಬೇಕು

ಕಾಗದದ ಗುರಿಗೆ ಹೊಡೆದರೆ ತೂತು ಬೀಳುತ್ತದೆ, ಆದರೆ ದೂರದಿಂದ ಕಾಣುವುದಿಲ್ಲ. ಒಳ್ಳೆಯ ಕಣ್ಣಿಗೂ 100 ಮೀಟರ್ ದೂರದಲ್ಲಿ ಸುಮಾರು 3 ಸೆಂಟಿಮೀಟರಿಗಿಂತ ಚಿಕ್ಕ ವಿವರ ಬೇರ್ಪಟ್ಟು ಕಾಣದು. 300 ಮೀಟರಿಗೆ ಅದು 9 ಸೆಂಟಿಮೀಟರ್ ಆಗುತ್ತದೆ. ರೈಫಲ್ ಗುಂಡಿನ ತೂತು ಒಂದು ಸೆಂಟಿಮೀಟರಿಗೂ ಕಡಿಮೆ. ಹೀಗಾಗಿ 300 ಮೀಟರಿನ ತೂತನ್ನು ಕಾಣಬೇಕಾದರೆ ಹತ್ತು ಪಟ್ಟಿಗಿಂತ ಹೆಚ್ಚು ದೊಡ್ಡದಾಗಿ ತೋರಿಸುವ ದುರ್ಬೀನು ಬೇಕು. ಇದಕ್ಕೆ ಪರಿಹಾರವಾಗಿ ಬಂದದ್ದೇ ತಾನಾಗಿ ಉತ್ತರ ಕೊಡುವ ಗುರಿ. ಅದು ಸದ್ದು ಮಾಡಬೇಕು, ಅಲುಗಬೇಕು, ಇಲ್ಲವೇ ಬೀಳಬೇಕು.

ಇಂಗ್ಲೆಂಡಿನ ವಿಂಬಲ್ಡನ್ ಬಯಲಿನಲ್ಲಿ 1860ರ ಜುಲೈ 2ರಂದು ವಿಕ್ಟೋರಿಯಾ ರಾಣಿ ಮೊದಲ ಈಡು ಹಾರಿಸಿ ದೊಡ್ಡ ಗುರಿಸ್ಪರ್ಧೆಯೊಂದನ್ನು ಆರಂಭಿಸಿದಳು. ರೈಫಲನ್ನು ಮೊದಲೇ ಯಂತ್ರದ ಪೀಠಕ್ಕೆ ಬಿಗಿದು 400 ಗಜದ ಗುರಿಗೆ ಹೊಂದಿಸಿಟ್ಟಿದ್ದರು. ರಾಣಿ ಹಗ್ಗ ಎಳೆದದ್ದಷ್ಟೇ. ಆ ಕಾಲದ ಗುರಿಗಳು ಕಬ್ಬಿಣದವು. ಗುರಿಯ ಬಳಿ ಮರೆಯಲ್ಲಿ ಕುಳಿತ ಆಳು ಬಾವುಟ ಎತ್ತಿ, ಗುಂಡು ಎಲ್ಲಿ ತಾಗಿತೆಂದು ತಿಳಿಸುತ್ತಿದ್ದ. ಮೆಕ್ಸಿಕೋ ದೇಶದಲ್ಲಿ ಹಿಂದೆ ಜೀವಂತ ಪ್ರಾಣಿಗಳನ್ನು ಕಟ್ಟಿ ಗುರಿಯಿಡುವ ಆಟವಿತ್ತು. ಮುಂದೆ ಅವುಗಳ ಬದಲಿಗೆ ಉಕ್ಕಿನ ಆಕೃತಿಗಳು ಬಂದವು. ಇಂದಿಗೂ ಆ ಸ್ಪರ್ಧೆಯಲ್ಲಿ 200 ಮೀಟರಿಗೆ ಕೋಳಿ, 300ಕ್ಕೆ ಹಂದಿ, 385ಕ್ಕೆ ಟರ್ಕಿಕೋಳಿ, 500ಕ್ಕೆ ಟಗರು ನಿಲ್ಲಿಸುತ್ತಾರೆ. ತಾಗಿದರೆ ಸಾಲದು, ಉರುಳಿ ಬಿದ್ದರೆ ಮಾತ್ರ ಲೆಕ್ಕ. “ತಾಗಿದ ಹಾಗೆ ಕಂಡಿತು” ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ನಮ್ಮ ರಾಜ್ಯದ ಕಾಫಿ ನಾಡಾದ ಕೊಡಗಿನಲ್ಲಿ ಇದೇ ತತ್ತ್ವ ತೆಂಗಿನಕಾಯಿಯ ರೂಪದಲ್ಲಿದೆ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ತೊಳೆದು, ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಬಳಿಕ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಕಾಯಿ ಒಡೆದರೆ ಚೂರು ಹಾರುತ್ತದೆ, ನೀರು ಸುರಿಯುತ್ತದೆ. ಯಾರೂ ವಾದಿಸಬೇಕಾಗಿಲ್ಲ. ಗುರಿಯೇ ಸಾಕ್ಷಿ ಹೇಳುತ್ತದೆ.

2. ಹೊಡೆದವನಿಗೆ ಏಕೆ ಕಾಣುವುದಿಲ್ಲ?

ಕಾರಣಗಳು ನಾಲ್ಕು. ಈಡು ಹಾರುವಾಗ ಕೋವಿ ಹಿಂದಕ್ಕೆ ಒದೆಯುತ್ತದೆ, ನಳಿಗೆ ಮೇಲಕ್ಕೇಳುತ್ತದೆ, ನೋಟ ಗುರಿಯಿಂದ ತಪ್ಪುತ್ತದೆ. ಸದ್ದಿಗೆ ಕಣ್ಣು ತಾನಾಗಿ ಮುಚ್ಚುತ್ತದೆ. ರಾತ್ರಿಯಾದರೆ ಬೆಂಕಿಯ ಮಿಂಚಿಗೆ ಕಣ್ಣು ಕತ್ತಲೆಗಟ್ಟುತ್ತದೆ. ಕಪ್ಪು ಮದ್ದಿನ ಕೋವಿಯಾದರೆ ಬಿಳಿ ಹೊಗೆ ಎದುರಿಗೇ ಪರದೆ ಕಟ್ಟುತ್ತದೆ. ಗುಂಡು ಗುರಿ ಮುಟ್ಟುವ ಆ ಅರೆ ಸೆಕೆಂಡಿನಲ್ಲಿ ಹೊಡೆಯುವವ ಕುರುಡನೆಂದೇ ತಿಳಿಯಬೇಕು.

ಆದ್ದರಿಂದ ದೂರದ ಗುರಿಕಾರರು ಒಬ್ಬರೇ ಹೊಡೆಯುವುದು ಅಪರೂಪ. ಪಕ್ಕದಲ್ಲಿ ಇನ್ನೊಬ್ಬ ದುರ್ಬೀನು ಹಿಡಿದು ಕೂರುತ್ತಾನೆ. ಅವನನ್ನು ನಾವು ನೋಟಗಾರ ಎಂದು ಕರೆಯೋಣ. ಹೊಡೆಯುವವನ ಕೆಲಸ ಕುದುರೆ ಎಳೆಯುವುದು, ನೋಟಗಾರನ ಕೆಲಸ ಕಾಣುವುದು. ನೋಟಗಾರ “ಬೇಡ” ಎಂದರೆ ಹೊಡೆಯುವವ ಬೆರಳು ತೆಗೆಯಬೇಕು. ವಯಸ್ಸಿನಲ್ಲಿ ಯಾರು ದೊಡ್ಡವರು, ತೋಟ ಯಾರದ್ದು ಎಂಬ ಪ್ರಶ್ನೆ ಅಲ್ಲಿ ಬರಕೂಡದು.

ಒಬ್ಬನೇ ಇದ್ದಾಗ ಮಾಡಬಹುದಾದದ್ದು ಇಷ್ಟು. ಕೋವಿಯನ್ನು ಹೆಗಲಿಗೆ ಗಟ್ಟಿಯಾಗಿ ಒತ್ತಿ ಹಿಡಿಯುವುದು, ಮುಂಗೈಗೆ ಮರಳಿನ ಚೀಲದ ಆಸರೆ ಕೊಡುವುದು, ಕುದುರೆ ಎಳೆದ ಮೇಲೂ ತಲೆ ಎತ್ತದೆ ಗುರಿಯನ್ನೇ ನೋಡುತ್ತಿರುವುದು. ತಾಗಿತೇ ಎಂದು ನೋಡಲು ತಲೆ ಎತ್ತುವವನಿಗೆ ತಾಗಿದ್ದು ಕಾಣುವುದಿಲ್ಲ, ಗುರಿಯೂ ತಪ್ಪುತ್ತದೆ.

3. ಕಿವಿಯ ಲೆಕ್ಕ

ಹಲಗೆಗೆ ತಾಗಿದ ಗುಂಡು “ಠಣ್” ಎನ್ನುತ್ತದೆ. ಆದರೆ ಆ ಸದ್ದು ತಡವಾಗಿ ಬರುತ್ತದೆ. ನಮ್ಮ ಕರಾವಳಿಯ ಸೆಖೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಚಲಿಸುತ್ತದೆ. ಬೆಳಕಿಗೆ ಇಷ್ಟು ದೂರದಲ್ಲಿ ತಡವೇ ಇಲ್ಲ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಕೈ ಕಲ್ಲಿಗೆ ಬಿದ್ದ ಮೇಲೆ ಸದ್ದು ಕೇಳುವುದನ್ನು ನಾವೆಲ್ಲ ಕಂಡಿದ್ದೇವೆ. ಇದೂ ಹಾಗೆಯೇ.

ಒಂದು ಉದಾಹರಣೆ. ಹಲಗೆ 300 ಮೀಟರ್ ದೂರದಲ್ಲಿದೆ. ರೈಫಲ್ ಗುಂಡಿನ ಸರಾಸರಿ ವೇಗ ಸೆಕೆಂಡಿಗೆ 600 ಮೀಟರ್ ಎಂದಿಟ್ಟುಕೊಳ್ಳೋಣ. ಗುಂಡು ಹೋಗಲು ಅರ್ಧ ಸೆಕೆಂಡು. ಠಣ್ಣೆಂಬ ಸದ್ದು ಮರಳಲು ಸುಮಾರು 0.86 ಸೆಕೆಂಡು. ಒಟ್ಟು 1.4 ಸೆಕೆಂಡಿನ ಹತ್ತಿರ. ಹಲಗೆ 600 ಮೀಟರಿಗೆ ಹೋದರೆ ಗುಂಡಿನ ಸರಾಸರಿ ವೇಗವೂ ಇಳಿಯುತ್ತದೆ. ಅದು 500 ಮೀಟರ್ ಆದರೆ ಹೋಗಲು 1.2, ಸದ್ದು ಮರಳಲು 1.7, ಒಟ್ಟು ಸುಮಾರು 3 ಸೆಕೆಂಡು.

ಇದರಿಂದ ತಿಳಿಯುವುದೇನು? ಈಡು ಹಾರಿಸಿದ ಕೂಡಲೇ ಕೇಳಿದ ಸದ್ದು ಹಲಗೆಯದ್ದಲ್ಲ. ಅದು ಕೋವಿಯದ್ದೇ ಸದ್ದಿನ ಮಾರ್ದನಿ ಇರಬಹುದು, ಇಲ್ಲವೇ ದಾರಿಯಲ್ಲಿ ಹತ್ತಿರದ ಮರಕ್ಕೆ ತಾಗಿದ ಸದ್ದಿರಬಹುದು. ಬೆಟ್ಟದ ಸಂದಿನ ತೋಟಗಳಲ್ಲಿ ಮಾರ್ದನಿ ಬಹಳ ಮೋಸ ಮಾಡುತ್ತದೆ. ಅಳೆದ ದೂರ ಮತ್ತು ಎಣಿಸಿದ ಕಾಲ ಒಂದಕ್ಕೊಂದು ಹೊಂದಿದರೆ ಮಾತ್ರ ಸದ್ದನ್ನು ನಂಬಬೇಕು. ಸದ್ದು ತಾಗಿದ್ದನ್ನು ಹೇಳುತ್ತದೆ, ಎಲ್ಲಿ ತಾಗಿತೆಂದು ಹೇಳುವುದಿಲ್ಲ. ಅದಕ್ಕೆ ಕಣ್ಣೇ ಬೇಕು.

4. ಹಲಗೆಯನ್ನು ಓದುವುದು

ಹಲಗೆಗೆ ಬಿಳಿ ಬಣ್ಣ ಬಳಿಯುತ್ತಾರೆ. ಸೀಸದ ಗುಂಡು ತಾಗಿದಲ್ಲಿ ಬಣ್ಣ ಹಾರಿ, ಗುಂಡಿಗಿಂತ ದೊಡ್ಡದಾದ ಬೂದು ಕಲೆ ಮೂಡುತ್ತದೆ. ನಾಲ್ಕಾರು ಈಡಾದ ಮೇಲೆ ಯಾವುದು ಹೊಸದು ಯಾವುದು ಹಳೆಯದು ತಿಳಿಯದು. ಆದ್ದರಿಂದ ಪ್ರತಿ ಸುತ್ತಿಗೂ ಮತ್ತೆ ಬಣ್ಣ ಬಳಿಯಬೇಕು.

ಎರಡು ಸರಪಳಿಯಲ್ಲಿ ತೂಗುಬಿಟ್ಟ ಹಲಗೆ ತನ್ನ ಅಲುಗಾಟದಿಂದಲೂ ಮಾತಾಡುತ್ತದೆ. ನಡುವಿಗೆ ತಾಗಿದರೆ ನೇರವಾಗಿ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಎಡ ಅಂಚಿಗೆ ತಾಗಿದರೆ ಎಡಭಾಗ ಹಿಂದಕ್ಕೆ ಹೋಗಿ ಹಲಗೆ ತಿರುಚುತ್ತದೆ. ಬಲಕ್ಕೆ ತಾಗಿದರೆ ಅದರ ತಿರುಗುಮುರುಗು. ಕೆಳ ಅಂಚಿಗೆ ತಾಗಿದರೆ ಹೆಚ್ಚು ತೂಗುತ್ತದೆ, ಸರಪಳಿಯ ಬುಡದಲ್ಲಿ ತಾಗಿದರೆ ಕಡಿಮೆ. ಕಲೆ ಕಾಣದಷ್ಟು ದೂರವಿದ್ದರೂ ಅನುಭವಿ ನೋಟಗಾರ ಇಷ್ಟರಿಂದಲೇ ಜಾಗ ಹೇಳುತ್ತಾನೆ.

ಇಲ್ಲೊಂದು ಎಚ್ಚರಿಕೆ. ಹಲಗೆಯನ್ನು ಮೇಲಿನ ಅಂಚು ಹೊಡೆಯುವವನ ಕಡೆಗೆ ಬಾಗುವಂತೆ ತೂಗುಬಿಡುತ್ತಾರೆ. ಗುಂಡಿನ ಚೂರು ನೆಲಕ್ಕೆ ಬೀಳಲಿ ಎಂಬುದು ಉದ್ದೇಶ. ಗುರಿಗೆ ಬಳಸುವುದು ಗಡಸುಗೊಳಿಸಿದ ಉಕ್ಕು, ರೈಫಲ್ಲಿಗೆ ಕನಿಷ್ಠ 100 ಗಜ ದೂರ. ಮೆದು ಕಬ್ಬಿಣದಲ್ಲಿ ಗುಂಡು ಗುಳಿ ತೋಡುತ್ತದೆ, ಮುಂದಿನ ಗುಂಡು ಆ ಗುಳಿಗೆ ಬಿದ್ದರೆ ಚೂರು ನೇರವಾಗಿ ಹಿಂದಕ್ಕೆ ಬರಬಹುದು. ತೋಟದ ಮೂಲೆಯಲ್ಲಿ ಬಿದ್ದಿರುವ ಹಳೆಯ ಗುದ್ದಲಿ, ಪಂಪಿನ ಚಕ್ರ, ಔಷಧಿಯ ಡ್ರಮ್ಮು, ಗ್ಯಾಸಿನ ಸಿಲಿಂಡರು ಇವನ್ನು ಗುರಿಯಾಗಿ ನಿಲ್ಲಿಸುವುದು ಶುದ್ಧ ಅವಿವೇಕ.

5. ತಪ್ಪಿದ ಈಡನ್ನು ಓದುವುದು

ತಾಗಿದ ಈಡು ತಾನಾಗಿ ಹೇಳಿಕೊಳ್ಳುತ್ತದೆ. ತಪ್ಪಿದ ಈಡು ಸುಮ್ಮನೆ ಮಾಯವಾಗುತ್ತದೆ. ಅಪಾಯವಿರುವುದು ಅದರಲ್ಲಿಯೇ. ಆದ್ದರಿಂದ ಒಳ್ಳೆಯ ನೋಟಗಾರನ ಪರೀಕ್ಷೆ ತಪ್ಪಿದ ಈಡಿನಲ್ಲಿ ನಡೆಯುತ್ತದೆ.

ಗುರಿಯ ಹಿಂದೆ ಒಣ ಮಣ್ಣಿನ ಧರೆ ಇದ್ದರೆ ದೂಳು ಏಳುತ್ತದೆ. ನೋಟಗಾರ ದೂಳನ್ನು ಹಲಗೆಯ ಅಳತೆಯಲ್ಲಿಯೇ ಹೇಳುತ್ತಾನೆ: “ಎಡಕ್ಕೆ ಒಂದು ಹಲಗೆ, ಕೆಳಗೆ ಅರ್ಧ”. ಹೊಡೆಯುವವ ಕಂಡಷ್ಟನ್ನೇ ತಿದ್ದಿಕೊಂಡು ಎರಡನೆಯ ಈಡು ಹೊಡೆಯುತ್ತಾನೆ. ದೂಳು ಎದ್ದ ಕ್ಷಣದಲ್ಲೇ ಜಾಗ ಗುರುತಿಸಬೇಕು, ಮರುಕ್ಷಣ ಗಾಳಿ ಅದನ್ನು ಬೇರೆಡೆಗೆ ಒಯ್ದಿರುತ್ತದೆ.

ಮಳೆಗಾಲದಲ್ಲಿ ಈ ಉಪಾಯ ಸಾಗದು. ಆರಿದ್ರೆಯ ಮಳೆಯಲ್ಲಿ ನೆನೆದ ಮಣ್ಣು ಗುಂಡನ್ನು ಸದ್ದಿಲ್ಲದೆ ನುಂಗುತ್ತದೆ. ಹಾಸಿದ ಸೊಪ್ಪು, ದರಕು, ಹುಲ್ಲು ಇವೂ ಹಾಗೆಯೇ. ಚಿರೆಕಲ್ಲಿನ ನೆಲದಲ್ಲಿ ಕೆಂಪು ದೂಳು ಚೆನ್ನಾಗಿ ಕಾಣುತ್ತದೆ, ಆದರೆ ಗುಂಡು ಅಲ್ಲಿ ನಿಲ್ಲದೆ ಜಾರಿ ಬೇರೆ ದಿಕ್ಕಿಗೆ ಹಾರಬಹುದು. ದೂಳು ಕಂಡಿತೆಂದರೆ ಗುಂಡು ಅಲ್ಲಿಯೇ ಉಳಿಯಿತೆಂದು ಅರ್ಥವಲ್ಲ.

ನೀರಿನ ವಿಷಯ ಕರಾವಳಿಯ ನಮಗೆ ಮುಖ್ಯ. ಕಡಲಿನಲ್ಲಿ ಗುಂಡು ಬಿದ್ದರೆ ನೀರು ಚಿಮ್ಮುವುದು ಬಲು ದೂರಕ್ಕೆ ಕಾಣುತ್ತದೆ. ಯುದ್ಧನೌಕೆಯ ತೋಪುಗಾರರು ಬಹುಕಾಲ ದೂರ ತಿದ್ದಿಕೊಂಡದ್ದು ಈ ಚಿಮ್ಮುವಿಕೆಯಿಂದಲೇ. ಒಂದು ಗುಂಡು ಗುರಿಯ ಈಚೆ, ಒಂದು ಆಚೆ ಬಿದ್ದರೆ ಸರಿಯಾದ ದೂರ ಅವೆರಡರ ನಡುವೆ ಇದೆ ಎಂಬ ಲೆಕ್ಕ. ನಮ್ಮ ಜಿಲ್ಲೆಯ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪವನ್ನು ನೌಕಾಪಡೆ ಗುರಿಯ ಅಭ್ಯಾಸಕ್ಕೆ ಬಳಸಿದ್ದನ್ನು ಮೀನುಗಾರ ಬಂಧುಗಳು ಬಲ್ಲರು. ಆದರೆ ಕೋವಿಯ ಗುಂಡು ಓರೆಯಾಗಿ ನೀರಿಗೆ ಬಿದ್ದರೆ, ಮಕ್ಕಳು ಹೊಳೆಗೆ ಎಸೆಯುವ ಚಪ್ಪಟೆ ಕಲ್ಲಿನ ಹಾಗೆ, ಕುಪ್ಪಳಿಸಿ ಆಚೆ ದಡಕ್ಕೆ ಹೋಗುತ್ತದೆ. ಹೊಳೆಯ ಕಡೆಗೆ, ಕೆರೆಯ ಕಡೆಗೆ, ನೀರು ನಿಂತ ಗದ್ದೆಯ ಕಡೆಗೆ ಹೊಡೆದರೆ ಅಪಾಯವಿಲ್ಲವೆಂಬ ನಂಬಿಕೆ ಪೂರ್ತಿ ತಪ್ಪು.

ನೋಟಗಾರ ಎಲ್ಲಿ ಕೂರಬೇಕು? ಹೊಡೆಯುವವನ ಹಿಂದೆ, ಸಾಧ್ಯವಾದಷ್ಟು ಅದೇ ಗೆರೆಯಲ್ಲಿ. ಪಕ್ಕಕ್ಕೆ ಸರಿದಷ್ಟೂ ಕಣ್ಣು ಮೋಸ ಹೋಗುತ್ತದೆ. ಹಲಗೆ 100 ಮೀಟರಿನಲ್ಲಿದೆ, ನೋಟಗಾರ 10 ಮೀಟರ್ ಬಲಕ್ಕಿದ್ದಾನೆ ಎನ್ನಿ. ಗುಂಡು ಹಲಗೆಯ ನೆತ್ತಿಯ ಮೇಲೆ ನೇರವಾಗಿ ಹಾದು 20 ಮೀಟರ್ ಹಿಂದಿನ ಧರೆಗೆ ಬಿತ್ತು. ಅವನಿಗೆ ಅದು 2 ಮೀಟರ್ ಬಲಕ್ಕೆ ಬಿದ್ದಂತೆ ಕಾಣುತ್ತದೆ. ಅದೇ ಗುಂಡು 20 ಮೀಟರ್ ಮುಂಚೆಯೇ ನೆಲಕ್ಕೆ ಬಿದ್ದಿದ್ದರೆ ಎಡಕ್ಕೆ ಬಿದ್ದಂತೆ ಕಾಣುತ್ತಿತ್ತು. ಗುಂಡು ಎಡಬಲಕ್ಕೆ ತಪ್ಪಿಯೇ ಇಲ್ಲ, ತಪ್ಪಿದ್ದು ಎತ್ತರ ಮಾತ್ರ. ಕೇಪಿನ ಕೋವಿಯಲ್ಲಿ ಹೊಗೆಯ ತೊಂದರೆ ಇರುವುದರಿಂದ ಗಾಳಿ ಬರುವ ಕಡೆಗೆ ಒಂದು ಮಾರಿನಷ್ಟು ಸರಿದು, ಹೊಡೆಯುವವನಿಗಿಂತ ಹಿಂದೆಯೇ ಇರಬೇಕು. ಹೆಚ್ಚು ಸರಿಯುವುದು ಬೇಡ. ನಳಿಗೆಯ ಮುಂದಂತೂ ಎಂದಿಗೂ ಬೇಡ.

ಬೆನ್ನ ಹಿಂದೆಯೇ ಕೂತು ಒಳ್ಳೆಯ ದುರ್ಬೀನಿನಿಂದ ನೋಡಿದರೆ ಕೆಲವು ಬೆಳಕಿನಲ್ಲಿ ಗುಂಡು ಹೋದ ದಾರಿಯೇ ಗಾಳಿಯಲ್ಲಿ ನೀರಿನ ಗೀರಿನಂತೆ ಕಾಣುತ್ತದೆ. ಅದು ಗುಂಡು ಕದಡಿದ ಗಾಳಿ. ದುರ್ಬೀನಿನ ನೋಟವನ್ನು ಗುರಿಗಿಂತ ಸ್ವಲ್ಪ ಈಚೆಗೆ ಹೊಂದಿಸಿಕೊಂಡರೆ ಇದು ಸುಲಭ. ಪಕ್ಕದಿಂದ ನೋಡುವವನಿಗೆ ಇದು ಸಿಕ್ಕುವುದಿಲ್ಲ.

6. ಬೀಳು, ಗಾಳಿ, ಬಿಸಿಲು

ಗುಂಡು ನೇರ ಹೋಗುತ್ತದೆಂಬುದು ಸಾಮಾನ್ಯ ತಪ್ಪುಕಲ್ಪನೆ. ನಳಿಗೆ ಬಿಟ್ಟ ಕ್ಷಣದಿಂದಲೇ ಅದು ಬೀಳತೊಡಗುತ್ತದೆ. ಅದೇ ಹೊತ್ತಿಗೆ ಗೊನೆಯಿಂದ ಕಳಚಿದ ಅಡಿಕೆ ಎಷ್ಟು ಬೀಳುತ್ತದೋ ಸರಿಸುಮಾರು ಅಷ್ಟೇ ಗುಂಡೂ ಬೀಳುತ್ತದೆ. ಕಾಲು ಸೆಕೆಂಡಿಗೆ 30 ಸೆಂಟಿಮೀಟರ್, ಅರ್ಧ ಸೆಕೆಂಡಿಗೆ 1.2 ಮೀಟರ್, ಒಂದು ಸೆಕೆಂಡಿಗೆ 4.9 ಮೀಟರ್. ಕಾಲ ಇಮ್ಮಡಿಯಾದರೆ ಬೀಳು ನಾಲ್ಮಡಿ. ದೂರವನ್ನು ಕಣ್ಣಂದಾಜಿನಲ್ಲಿ ತಪ್ಪಿದವನ ಗುಂಡು ಗುರಿಯ ಕೆಳಗೋ ಮೇಲೋ ಹೋಗುವುದು ಇದರಿಂದಲೇ.

ಗಾಳಿಯೂ ಗುಂಡನ್ನು ತಳ್ಳುತ್ತದೆ. ಬೆಳಂಬಾರದಂಥ ಕಡಲ ಬದಿಯಲ್ಲಿ ಬೇಸಗೆಯ ನಸುಕಿಗೆ ನೆಲದ ಗಾಳಿ, ಮಧ್ಯಾಹ್ನದ ಮೇಲೆ ಕಡಲ ಗಾಳಿ. ಬೆಳಿಗ್ಗೆ ಎಡಕ್ಕೆ ಹೋದ ಈಡು ಸಂಜೆ ಬಲಕ್ಕೆ ಹೋದರೆ ಕೋವಿಯ ತಪ್ಪಲ್ಲ. ಬಿಸಿಲೇರಿದಾಗ ಕಾದ ನೆಲದ ಮೇಲೆ ಝಳ ಕುಣಿಯುತ್ತದೆ. ದುರ್ಬೀನಿನಲ್ಲಿ ಅದು ಹರಿಯುವ ನೀರಿನಂತೆ ಕಂಡು ಗಾಳಿಯ ದಿಕ್ಕನ್ನು ಹೇಳುತ್ತದೆ, ಆದರೆ ಗುರಿಯನ್ನೂ ಕಲಸುತ್ತದೆ. ಆಗ ಹೆಚ್ಚು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಹೆಚ್ಚು ತೊಂದರೆಯನ್ನೇ ಕೊಡುತ್ತದೆ. ನಸುಕಿನ ಹೊತ್ತು ನೋಟಕ್ಕೆ ಉತ್ತಮ.

7. ನಮ್ಮ ಕೋವಿಗೆ ಅನ್ವಯಿಸಿದರೆ

ನಮ್ಮ ಬೆಳೆಗಾರರಲ್ಲಿರುವುದು ಹೆಚ್ಚಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಇಲ್ಲವೇ ತೋಟಾ ಹಾಕುವ ಒಂಟಿ ನಳಿಗೆ, ಜೋಡು ನಳಿಗೆ. ಇವು ಚರೆ ಚೆಲ್ಲುವ ಕೋವಿಗಳು. ಇವನ್ನು ಪರೀಕ್ಷಿಸಲು ಕೋವಿ ತಯಾರಕರು ಬಳಸುತ್ತ ಬಂದದ್ದೂ ಸುಣ್ಣ ಬಳಿದ ಕಬ್ಬಿಣದ ಹಲಗೆಯೇ. 40 ಗಜ ದೂರದಿಂದ ಸಣ್ಣ ಚರೆಯ ಒಂದು ಈಡು ಹೊಡೆದು, ಕಲೆಗಳು ದಟ್ಟವಾಗಿರುವ ಕಡೆ 30 ಅಂಗುಲದ ವೃತ್ತ ಬರೆದು, ಒಳಗೆ ಬಿದ್ದ ಚರೆ ಎಣಿಸುತ್ತಾರೆ. ಬಾಯಿ ಬಿಗಿದ ನಳಿಗೆಯಲ್ಲಿ ನೂರಕ್ಕೆ ಸುಮಾರು 70 ಚರೆ ಒಳಗೆ ಬೀಳುತ್ತವೆ. ಬಾಯಿ ಬಿಗಿಯದ ನೇರ ನಳಿಗೆಯಲ್ಲಿ ಸುಮಾರು 40 ಮಾತ್ರ.

ಉಳಿದ 60 ಎಲ್ಲಿ ಹೋದವು? ಈ ಪ್ರಶ್ನೆಯನ್ನು ಪ್ರತಿಯೊಬ್ಬ ಕೋವಿದಾರನೂ ತನಗೆ ಕೇಳಿಕೊಳ್ಳಬೇಕು. ಎದುರಿನ ಗುರಿಗೆ ಸರಿಯಾಗಿ ಹೊಡೆದರೂ ಅರ್ಧಕ್ಕಿಂತ ಹೆಚ್ಚು ಚರೆ ಗುರಿಯನ್ನು ಬಿಟ್ಟು ಹೋಗಿರುತ್ತದೆ.

ಚರೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಒಂದು ಹಳೆಯ ಸೂತ್ರವಿದೆ. ಚರೆಯ ಅಡ್ಡಗಲವನ್ನು ಅಂಗುಲದಲ್ಲಿ ಹಿಡಿದು 2200ರಿಂದ ಗುಣಿಸಿದರೆ, ಅದು ಗರಿಷ್ಠ ಎಷ್ಟು ಗಜ ಹೋದೀತೆಂಬುದು ಸಿಗುತ್ತದೆ. ಹಕ್ಕಿಯ ಸಣ್ಣ ಚರೆ, ಅಂದರೆ ಅಂಗುಲದ ಹತ್ತನೆಯ ಒಂದು ಭಾಗದ್ದು, 220 ಗಜ, ಹೆಚ್ಚು ಕಡಿಮೆ ಒಂದು ಫರ್ಲಾಂಗು. ಎಸ್‌ಜಿ ಎಂಬ ದಪ್ಪ ಚರೆ ಅಂಗುಲದ ಮೂರನೆಯ ಒಂದು ಭಾಗ. ಅದು 700 ಗಜ ದಾಟುತ್ತದೆ. ಒಂಟಿ ಗುಂಡು ಕಿಲೋಮೀಟರಿನಷ್ಟು ಹೋಗಬಲ್ಲದು. ಪಾಯಿಂಟ್ 22 ರೈಫಲ್ಲಿನ ಆಟಿಕೆಯಂಥ ತೋಟಾದ ಪೆಟ್ಟಿಗೆಯ ಮೇಲೆಯೇ ಒಂದೂವರೆ ಮೈಲಿನ ತನಕ ಅಪಾಯವೆಂಬ ಎಚ್ಚರಿಕೆ ಇರುವುದುಂಟು. ನಮ್ಮ ಎಷ್ಟು ತೋಟಗಳ ಸುತ್ತ ಅಷ್ಟು ಜಾಗ ಜನರಿಲ್ಲದೆ ಖಾಲಿ ಇದೆ?

ಅಡಿಕೆ ತೋಟದ ಸಾಲುಮರಗಳನ್ನು ಮರೆಯೆಂದು ನಂಬಬಾರದು. ದುಂಡು ಮರದ ಪಕ್ಕಕ್ಕೆ ತಾಗಿದ ಗುಂಡು ದಿಕ್ಕು ಬದಲಿಸುತ್ತದೆ. ಬಾಳೆ ಗುಂಡನ್ನು ತಡೆಯುವುದೇ ಇಲ್ಲ. ಕಾಫಿ ಗಿಡದ ಹಸಿರು ಆಚೆ ಇರುವವರನ್ನು ನಮ್ಮ ಕಣ್ಣಿಂದ ಮರೆಮಾಡುತ್ತದೆ, ಗುಂಡಿನಿಂದ ಮರೆಮಾಡುವುದಿಲ್ಲ. ನಂಬಬಹುದಾದ ತಡೆ ಒಂದೇ: ಆಳಿಗಿಂತ ಎತ್ತರದ, ಕಲ್ಲಿಲ್ಲದ, ಮೆದು ಮಣ್ಣಿನ ಧರೆ. ಗುರಿಯ ಬೆನ್ನಿಗೆ ಅಂಥ ಧರೆ ಇಲ್ಲದಿದ್ದರೆ, ಇದ್ದರೂ ಕತ್ತಲಲ್ಲಿ ಕಾಣದಿದ್ದರೆ, ಈಡು ಹಾರಿಸಕೂಡದು.

8. ಕಾಯ್ದೆಯ ಮಾತು

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಾಯಿಂದ ಮದ್ದು ತುಂಬುವ ಕೋವಿಯನ್ನು ಪ್ರಾಮಾಣಿಕ ಬೆಳೆ ರಕ್ಷಣೆಗೆ ಕೊಡುವ ಲೈಸೆನ್ಸಿನ ಪ್ರಸ್ತಾಪವಿದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಅದು ನಮ್ಮ ಜಿಲ್ಲೆಗೆ ಅನ್ವಯಿಸದು. 2019ರ ತಿದ್ದುಪಡಿಯ ಪ್ರಕಾರ ಬೇಜವಾಬ್ದಾರಿಯಿಂದ ಅಥವಾ ಸಂಭ್ರಮಕ್ಕಾಗಿ ಇತರರ ಜೀವಕ್ಕೆ ಅಪಾಯವಾಗುವಂತೆ ಈಡು ಹಾರಿಸಿದರೆ ಎರಡು ವರ್ಷದವರೆಗೆ ಸಜೆ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಂದಿಯಾಗಲಿ ಕಡವೆಯಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನಮ್ಮ ಬೆಳೆ ತಿಂದಿತೆಂಬ ಕಾರಣಕ್ಕೆ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ನಷ್ಟವಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳುವುದು ಸರಿಯಾದ ದಾರಿ.

ಹಲಗೆ ತೂಗುಬಿಟ್ಟು ಗುರಿ ಕಲಿಯುವ ಆಸೆಯಿದ್ದವರು ಅದನ್ನು ಸ್ವಂತ ಬೆಟ್ಟದಲ್ಲಿ ಮಾಡತಕ್ಕದ್ದಲ್ಲ. ಲೈಸೆನ್ಸಿನಲ್ಲಿ ಬರೆದ ಉದ್ದೇಶ ಬೆಳೆ ರಕ್ಷಣೆ ಎಂದಿರುತ್ತದೆ. ಕರ್ನಾಟಕದ ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ನಡೆಸುತ್ತಾರೆ. ಠಾಣೆಯಲ್ಲಿ ವಿಚಾರಿಸಿ, ಅನುಮತಿಯಿರುವ ಜಾಗದಲ್ಲಿ, ಕಲಿಸುವವರ ಎದುರಿನಲ್ಲಿ ಕಲಿಯಬೇಕು. ಠಾಣೆಯಲ್ಲಿ ತಿಂಗಳುಗಟ್ಟಲೆ ಇದ್ದು ಮರಳಿದ ಕೋವಿಯ ನಳಿಗೆಯಲ್ಲಿ ತುಕ್ಕು, ಹುಳುವಿನ ಗೂಡು ಇಲ್ಲವೆಂದು ನೋಡದೆ ಮದ್ದು ತುಂಬಬಾರದು.

9. ಮದ್ದಿಲ್ಲದ ಅಭ್ಯಾಸ

ಕಾಣುವ ವಿದ್ಯೆಗೆ ಕೋವಿಯೇ ಬೇಕೆಂದಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ, ಸುತ್ತ ಯಾರೂ ಇಲ್ಲದಾಗ, ಒಂದು ಡಬ್ಬದ ಮುಚ್ಚಳಕ್ಕೆ ಸುಣ್ಣ ಬಳಿದು ಎರಡು ಹಗ್ಗದಲ್ಲಿ ತೂಗುಬಿಡಿ. ಹಿಂದೆ ಗದ್ದೆಯ ಎತ್ತರದ ಧರೆ ಇರಲಿ. ಹತ್ತು ಹದಿನೈದು ಮಾರು ದೂರದಿಂದ ಒಬ್ಬ ಮಣ್ಣಿನ ಉಂಡೆ ಎಸೆಯಲಿ, ಇನ್ನೊಬ್ಬ ಹಿಂದೆ ಕೂತು ನೋಡಲಿ. ಎಸೆದವನೂ ನೋಡಿದವನೂ ಉಂಡೆ ಬಿದ್ದ ಜಾಗವನ್ನು ಬೇರೆ ಬೇರೆಯಾಗಿ ಚೀಟಿಯಲ್ಲಿ ಬರೆದುಕೊಳ್ಳಲಿ. ಹತ್ತು ಎಸೆತವಾದ ಮೇಲೆ ನಡೆದು ಹೋಗಿ ಗುರುತು ನೋಡಿ. ನಿಂತ ಜಾಗದಿಂದ ಖಚಿತವೆಂದು ಬರೆದದ್ದರಲ್ಲಿ ಎಷ್ಟು ಸುಳ್ಳೆಂಬುದು ಅಲ್ಲಿಯೇ ತಿಳಿಯುತ್ತದೆ. ನಂತರ ನೋಟಗಾರ ಐದು ಮಾರು ಪಕ್ಕಕ್ಕೆ ಕೂತು ಮತ್ತೆ ಬರೆಯಲಿ. ಮೇಲೆ ಹೇಳಿದ ಕಣ್ಣಿನ ಮೋಸ ಕೈಯಾರೆ ಅರಿವಾಗುತ್ತದೆ. ಮನೆಯ ಹುಡುಗರಿಗೆ ಕೋವಿ ಮುಟ್ಟಿಸುವ ಬದಲು ಇದನ್ನು ಕಲಿಸಿರಿ.

ನೆನಪಿಡಬೇಕಾದ ಅಂಶಗಳು

ಒಂದು: ಹೊಡೆದವನ ಮಾತು ಸಾಕ್ಷಿಯಲ್ಲ. ಗುರುತೇ ಸಾಕ್ಷಿ.
ಎರಡು: ಸದ್ದನ್ನು ದೂರ ಮತ್ತು ಕಾಲದ ಲೆಕ್ಕಕ್ಕೆ ಹೊಂದಿಸಿ ನಂಬಬೇಕು.
ಮೂರು: ನೋಟಗಾರ ಹೊಡೆಯುವವನ ಬೆನ್ನ ಹಿಂದೆ. ಅವನ “ಬೇಡ” ಎಂಬ ಮಾತೇ ಕೊನೆ.
ನಾಲ್ಕು: ಹೆದರಿಸಲು ಬರೀ ಮದ್ದು ಸಾಕು. ಗುಂಡು ತುಂಬಿಟ್ಟ ಕೋವಿ ಗೋಡೆಗೆ ಬೇಡ.
ಐದು: ಬೀಳುವ ಜಾಗ ಮೊದಲು, ಗುರಿ ಆಮೇಲೆ.
ಆರು: ಈಡು ಹಾರಿದ ಮೇಲೆ, ಹಗಲಿಗೆ ಹೋಗಿ ಅದು ಬಿದ್ದ ಜಾಗವನ್ನು ಹುಡುಕಲೇಬೇಕು.

ಪ್ರಶ್ನೆಗಳು

1. ಧರೆ 200 ಮೀಟರ್ ದೂರದಲ್ಲಿದೆ. ಅಲ್ಲಿನ ಸದ್ದು ಮರಳಲು ಎಷ್ಟು ಹೊತ್ತು ಬೇಕು?
2. ನೀವು ಹೊಡೆಯುವವನ ಎಡಕ್ಕೆ ಕೂತಿದ್ದೀರಿ. ಗುರಿಯ ಮೇಲೆ ನೇರ ಹಾದ ಗುಂಡು ಯಾವ ಕಡೆಗೆ ಬಿದ್ದಂತೆ ಕಾಣುತ್ತದೆ?
3. ನಿಮ್ಮ ತೋಟದಲ್ಲಿ ಆಳಿಗಿಂತ ಎತ್ತರದ ಮೆದು ಮಣ್ಣಿನ ಧರೆ ಎಷ್ಟು ಕಡೆ ಇದೆ? ಅವುಗಳ ನೆತ್ತಿಯ ಮೇಲೆ ಕಾಲುದಾರಿ ಇದೆಯೇ?

ಮೊದಲಿನ ಎರಡಕ್ಕೆ ಉತ್ತರ ಈ ಪಾಠದಲ್ಲಿಯೇ ಇದೆ. ಮೂರನೆಯದಕ್ಕೆ ಉತ್ತರ ನಿಮ್ಮ ತೋಟದಲ್ಲಿದೆ. ಬರುವ ಭಾನುವಾರ ಹಗಲು ಹೊತ್ತಿನಲ್ಲಿ ಬರಿಗೈಯಲ್ಲಿ ಒಂದು ಸುತ್ತು ಹಾಕಿ ನೋಡಿಬನ್ನಿ. ನಮ್ಮ ಭಾವ ಆ ಬೆಳಿಗ್ಗೆಯೇ ಕಾಲುದಾರಿಯನ್ನು ಧರೆಯ ಕೆಳಗಿಂದ ತಿರುಗಿಸಿದರು. ಕೆತ್ತಿದ ಅಡಿಕೆ ಮರ ಹಾಗೆಯೇ ನಿಂತಿದೆ. ಅದನ್ನು ಕಡಿಯಬೇಡವೆಂದು ಮನೆಯವರಿಗೆಲ್ಲ ಹೇಳಿಟ್ಟಿದ್ದಾರೆ.